ನಡುಗಿದ ದನಿ, ಕೊಕ್ಕೆಯ ಸ್ವರ: ‘ಕ್ವೇವರ್’ ಎಂಬ ಪದದ ಪ್ರಕರಣ

ಪದವಿ ತರಗತಿಯ ಅನುವಾದದ ಪಾಠಕ್ಕೆ ಕೊಟ್ಟಿದ್ದ ಇಂಗ್ಲಿಷ್ ತುಣುಕು ಚಿಕ್ಕದು. ಜಮೀನಿನ ವ್ಯಾಜ್ಯ. ವಯಸ್ಸಾದ ಹೆಂಗಸೊಬ್ಬಳು ಕಟಕಟೆಯಲ್ಲಿ ನಿಂತಿದ್ದಾಳೆ. ಎದುರು ಪಕ್ಷದ ವಕೀಲ ಕೇಳಿದ್ದಕ್ಕೆ ಉತ್ತರ ಕೊಡುವಾಗ ಅವಳ ದನಿ ‘ಕ್ವೇವರ್’ (quaver) ಆಗುತ್ತದೆ. ಆದರೂ ಹೇಳಬೇಕಾದ್ದನ್ನು ಪೂರ್ತಿ ಹೇಳಿಯೇ ಕೆಳಗಿಳಿಯುತ್ತಾಳೆ.

ಈ ಒಂದು ಕ್ರಿಯಾಪದಕ್ಕೆ ತರಗತಿಯಿಂದ ನಾಲ್ಕು ಬಗೆಯ ಕನ್ನಡ ಬಂತು. ಹೆಚ್ಚಿನವರದು ‘ಗದ್ಗದಿತಳಾದಳು’. ಕೆಲವರದು ‘ದನಿ ನಡುಗಿತು’. ಒಬ್ಬ ‘ದನಿ ಕುಗ್ಗಿತು’ ಎಂದು ಬರೆದಿದ್ದ. ಕೀಬೋರ್ಡ್ ಕಲಿಯುತ್ತಿದ್ದ ಹುಡುಗಿಯೊಬ್ಬಳು ಮಾತ್ರ ‘ಮಾತನ್ನು ಅರ್ಧರ್ಧ ಮಾತ್ರೆಗೆ ತುಂಡರಿಸಿ ಆಡಿದಳು’ ಎಂದು ಬರೆದಿದ್ದಳು. ಹಿಂದಿನ ಬೆಂಚಿನಲ್ಲಿ ನಗು. ಅವಳು ಬಿಡಲಿಲ್ಲ. “ಸರ್, ಕ್ವೇವರ್ ಅಂದ್ರೆ ಅರ್ಧ ಬೀಟಿನ ನೋಟು. ನಮ್ಮ ಥಿಯರಿ ಪೇಪರ್‌ನಲ್ಲಿ ದಿನಾ ಬರುತ್ತೆ. ಅದು ಬೇರೆ, ಇದು ಬೇರೆ ಅಂತ ಹೇಗೆ ಹೇಳ್ತೀರಿ?”

ಬೇರೆಯಲ್ಲ, ಒಂದೇ ಪದ. ಅವಳ ಅನುವಾದ ನಿಲ್ಲದಿದ್ದರೂ ಕೇಳಿದ ಪ್ರಶ್ನೆ ಗಟ್ಟಿಯಾಗಿತ್ತು. ಹೆದರಿದವರ, ಮುದುಕರ, ಅಳು ತಡೆದುಕೊಂಡವರ ದನಿಗೆ ಹೇಳುವ ಪದವೇ ಸಂಗೀತದ ಕಾಲಮಾನದ ಹೆಸರೂ ಆದದ್ದು ಹೇಗೆ? ಆ ವಾರದ ಪಾಠ ಅದರ ಹಿಂದೆ ಹೋಯಿತು. ಪಠ್ಯಕ್ರಮ ಒಂದಷ್ಟು ಹಿಂದೆ ಬಿತ್ತು, ಬೀಳಲಿ.

ಮೊದಲು ಒಂದು ತೊಡಕನ್ನು ಬಿಡಿಸಬೇಕಾಯಿತು. ಯೂಟ್ಯೂಬ್ ನೋಡಿ ಗಿಟಾರ್ ಕಲಿಯುತ್ತಿದ್ದ ಹುಡುಗನೊಬ್ಬ ‘ಕ್ವೇವರ್ ಅಂದ್ರೆ ಕ್ವಾರ್ಟರ್ ನೋಟ್’ ಎಂದು ಅಡ್ಡ ಬಂದ. ಸಾಮಾನ್ಯವಾಗಿ ಆಗುವ ಗೊಂದಲವಿದು, ಕಿವಿಗೆ ಎರಡೂ ಹತ್ತಿರ. ಅಮೆರಿಕದವರು ಕ್ವಾರ್ಟರ್ ನೋಟ್ ಎನ್ನುವುದು ಬ್ರಿಟಿಷರ ‘ಕ್ರಾಚೆಟ್’. ಬ್ರಿಟಿಷರ ಕ್ವೇವರ್ ಅಮೆರಿಕದಲ್ಲಿ ‘ಏಟ್ತ್ ನೋಟ್’, ಪೂರ್ಣ ಸ್ವರದ ಎಂಟನೇ ಒಂದು ಪಾಲು. ಭಿನ್ನರಾಶಿಯ ಈ ಹೆಸರುಗಳು ಜರ್ಮನ್ ರೂಢಿಯಿಂದ ಬಂದವು. 19ನೇ ಶತಮಾನದಲ್ಲಿ ಅಮೆರಿಕಕ್ಕೆ ಹೋದ ಜರ್ಮನ್ ಸಂಗೀತಗಾರರು ಅವನ್ನು ಅಲ್ಲಿ ಊರಿಸಿದರು. ಬ್ರಿಟನ್ ಹಳೆಯ ಹೆಸರುಗಳನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ಕೂತು ಲಂಡನ್ನಿನ ಟ್ರಿನಿಟಿ ಪರೀಕ್ಷೆಗೆ ಓದುತ್ತಾ, ಅಮೆರಿಕದ ವಿಡಿಯೊ ನೋಡುವ ಮಕ್ಕಳಿಗೆ ಎರಡೂ ಗೊತ್ತಿರಬೇಕು. ಇಂಗ್ಲಿಷ್ ಕಾಗುಣಿತದಲ್ಲಿ ಎರಡೂ ‘qua’ ಎಂದು ಶುರುವಾದ ಮಾತ್ರಕ್ಕೆ ನಾಲ್ಕಕ್ಕೂ ಕ್ವೇವರ್‌ಗೂ ನಂಟಿಲ್ಲ.

ನಂಟಿರುವುದು ನಡುಕಕ್ಕೆ. ಹಳೆಯ ಇಂಗ್ಲಿಷಿನಲ್ಲಿ ‘ಕ್ವಾಕಿಯನ್’ ಎಂಬ ಕ್ರಿಯಾಪದವಿತ್ತು, ನಡುಗು ಎಂದರ್ಥ. ನಾರ್ಮನ್ನರು ಬಂದ ಮೇಲೆ ಲಿಪಿಕಾರರು ಕಾಗುಣಿತ ಬದಲಿಸಿದರು, ಪದ ‘ಕ್ವೇಕ್’ ಆಯಿತು. ಭೂಕಂಪದ ‘ಅರ್ತ್‌ಕ್ವೇಕ್’ನಲ್ಲಿ ಇರುವುದು ಇದೇ. ಇದರ ಮಗ್ಗುಲಲ್ಲಿ 13ನೇ ಶತಮಾನದ ಆರಂಭದಲ್ಲಿ ‘ಕ್ವಾವಿಯೆನ್’ ಎಂಬ ಇನ್ನೊಂದು ರೂಪ ಬರಹದಲ್ಲಿ ಕಾಣಿಸುತ್ತದೆ. ಅದಕ್ಕೂ ನಡುಗು, ಅಲುಗು, ಹೆದರು ಎಂಬ ಅರ್ಥ. ಉತ್ತರ ಜರ್ಮನಿಯ ಆಡುಮಾತಿನ ‘ಕ್ವಾಬೆಲ್ನ್’ ಇದರ ದೂರದ ಬಂಧುವಿರಬಹುದು ಎನ್ನುತ್ತಾರೆ. ಗಟ್ಟಿ ಮೊಸರು ಪಾತ್ರೆಯಲ್ಲಿ ಅಲುಗಿದ ಹಾಗೆ ಅಲುಗುವುದಕ್ಕೆ ಆ ಪದ. ಇಡೀ ಬಳಗವೇ ಅನುಕರಣ ಶಬ್ದದಿಂದ ಹುಟ್ಟಿರುವ ಸಾಧ್ಯತೆಯನ್ನೂ ಕೋಶಕಾರರು ತಳ್ಳಿಹಾಕುವುದಿಲ್ಲ. ‘ಕ್ವ’ ಎನ್ನುವಾಗ ತುಟಿ ಮುಂದೆ ಬಂದು ಹಿಂದೆ ಸರಿಯುವುದನ್ನು ಗಮನಿಸಿದರೆ ಆ ಅನುಮಾನ ನನಗೂ ಸರಿ ಎನಿಸುತ್ತದೆ.

ಆ ‘ಕ್ವಾವ್’ ಎಂಬ ಧಾತುವಿಗೆ 15ನೇ ಶತಮಾನದ ಆರಂಭದ ಹೊತ್ತಿಗೆ ‘ಅರ್’ ಎಂಬ ಬಾಲ ಸೇರಿತು. ತರಗತಿಯಲ್ಲಿ ಹೆಚ್ಚು ಹೊತ್ತು ನಿಂತದ್ದು ಈ ಬಾಲದ ಮೇಲೆ. ಇಂಗ್ಲಿಷಿನಲ್ಲಿ ಒಂದು ಕೆಲಸ ಸಣ್ಣಸಣ್ಣದಾಗಿ, ಮತ್ತೆ ಮತ್ತೆ ನಡೆಯುತ್ತದೆ ಎನ್ನುವುದಕ್ಕೆ ಈ ಬಾಲ ಬಳಸುತ್ತಾರೆ. ‘ಪ್ಯಾಟ್’ ಎಂದರೆ ಒಮ್ಮೆ ತಟ್ಟುವುದು, ‘ಪ್ಯಾಟರ್’ ಎಂದರೆ ಹಂಚಿನ ಮೇಲೆ ಮಳೆ ಬಿದ್ದಂತೆ ಪಟಪಟ. ‘ಚ್ಯಾಟರ್’ ಎಂದರೆ ಚಳಿಗೆ ಹಲ್ಲು ಕಟಕಟ. ‘ಗ್ಲಿಮರ್’, ‘ಫ್ಲಿಕರ್’ ಎಂದರೆ ಬೆಳಕು ಮಿಣಮಿಣ. ನೋಡಿ, ಅರ್ಥ ಹೇಳಲು ಹೊರಟರೆ ನಮಗೆ ತಾನಾಗಿ ಜೋಡಿ ಶಬ್ದಗಳೇ ಬರುತ್ತವೆ. ಇಂಗ್ಲಿಷ್ ಬಾಲ ಸೇರಿಸಿ ಮಾಡುವುದನ್ನು ಕನ್ನಡ ಇಮ್ಮಡಿಸಿ ಮಾಡುತ್ತದೆ: ಗಡಗಡ, ಥರಥರ, ಪತರಪತರ. ಹಾಗಾಗಿ ಕ್ವೇವರ್ ಎಂದರೆ ಬರೀ ನಡುಗು ಅಲ್ಲ, ಸಣ್ಣ ಸಣ್ಣ ನಡುಕಗಳ ಸಾಲು. ಈ ‘ಸಾಲು’ ಎನ್ನುವುದನ್ನು ಹಿಡಿದಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರದೇ.

ಆದರೆ ಆಗಿನ್ನೂ ಪದಕ್ಕೂ ದನಿಗೂ ವಿಶೇಷ ನಂಟಿರಲಿಲ್ಲ. ಏನು ಬೇಕಾದರೂ ಕ್ವೇವರ್ ಆಗಬಹುದಿತ್ತು: ಕೈ, ಎಲೆ, ನೆಲ. ಕಾಲಿಟ್ಟರೆ ಅಲುಗುವ ಜೌಗು ನೆಲಕ್ಕೆ 16ನೇ ಶತಮಾನದ ಇಂಗ್ಲಿಷಿನಲ್ಲಿ ‘ಕ್ವೇವ್‌ಮಾಯರ್’ ಎಂಬ ಹೆಸರೂ ಓಡಾಡಿತ್ತು; ಅದರ ಜೊತೆಗಾರ ‘ಕ್ವ್ಯಾಗ್‌ಮಾಯರ್’ ಉಳಿಯಿತು, ಇದು ಅಳಿಯಿತು. ನ್ಯೂಟನ್ನನದು ಇನ್ನೂ ಚೆನ್ನಾದ ಸಾಕ್ಷಿ. ಬೆಳಕಿನ ಕುರಿತು 1704ರಲ್ಲಿ ಪ್ರಕಟಿಸಿದ ‘ಆಪ್ಟಿಕ್ಸ್’ ಪುಸ್ತಕದ ಕೊನೆಗೆ ಅವನು ಒಂದಷ್ಟು ಪ್ರಶ್ನೆಗಳನ್ನು ಇಟ್ಟಿದ್ದಾನೆ. ಅವುಗಳಲ್ಲಿ 16ನೆಯದರಲ್ಲಿ ಒಂದು ಪುಟ್ಟ ಪ್ರಯೋಗವಿದೆ. ಕತ್ತಲಲ್ಲಿ ಕಣ್ಣಿನ ಮೂಲೆಯನ್ನು ಬೆರಳಿಂದ ಒತ್ತಿದರೆ ಬಣ್ಣದ ವೃತ್ತ ಕಾಣುತ್ತದೆ. ಕಣ್ಣು, ಬೆರಳು ಎರಡೂ ಅಲುಗದಿದ್ದರೆ ಬಣ್ಣ ಮಾಯವಾಗುತ್ತದೆ, ಬೆರಳನ್ನು ‘ಕ್ವೇವರಿಂಗ್’ ಚಲನೆಯಲ್ಲಿ ಆಡಿಸಿದರೆ ಮತ್ತೆ ಬರುತ್ತದೆ. ಇಲ್ಲಿ ಹೆದರಿಕೆಯೂ ಇಲ್ಲ, ಮುಪ್ಪೂ ಇಲ್ಲ, ದನಿಯಂತೂ ಇಲ್ಲವೇ ಇಲ್ಲ. ಬೇಕೆಂದೇ ಮಾಡುವ, ಸಣ್ಣದಾದ, ಒಂದೇ ಸಮನೆ ನಡೆಯುವ ಅಲುಗಾಟ. ಇವತ್ತಿನ ಇಂಗ್ಲಿಷ್ ಲೇಖಕರು ಬೆರಳಿಗೆ ಈ ಪದ ಹಚ್ಚುವುದು ಅಪರೂಪ.

ದನಿಯ ಕಡೆಗೆ ಪದ ವಾಲಿದ್ದು ಸಂಗೀತಗಾರರಿಂದ. 16ನೇ ಶತಮಾನದ ಮೊದಲರ್ಧದಲ್ಲೇ ‘ಕ್ವೇವರ್ ಮಾಡು’ ಎಂದರೆ ದನಿಯನ್ನು ಅಲುಗಿಸುತ್ತಾ, ವೇಗದ ಸ್ವರಗಳಲ್ಲಿ ಹಾಡು ಎಂಬ ಅರ್ಥ ಬಂದಿತ್ತು. ಅದು ಬೈಗುಳವಲ್ಲ, ಹಾಡುಗಾರನ ಕಸುಬು. ಶತಮಾನದ ಉತ್ತರಾರ್ಧದಲ್ಲಿ ಆ ಕಸುಬಿಗೆ ಬೇಕಾದ ಸಣ್ಣ ಸ್ವರಕ್ಕೇ ಅದೇ ಹೆಸರು ಅಂಟಿಕೊಂಡಿತು. ಥಾಮಸ್ ಮಾರ್ಲಿ 1597ರಲ್ಲಿ ಸಂಗೀತ ಕಲಿಯುವವರಿಗೆಂದು ಬರೆದ ಕೈಪಿಡಿಯಲ್ಲಿ ಸೆಮಿಬ್ರೀವ್, ಮಿನಿಮ್, ಕ್ರಾಚೆಟ್, ಕ್ವೇವರ್ ಎಲ್ಲವೂ ಒಂದರ ಅರ್ಧ ಒಂದಾಗಿ ಸಾಲಾಗಿ ಕೂತಿವೆ. ‘ದನಿಯಲ್ಲಿನ ನಡುಕ’ ಎಂಬ ಅರ್ಥದಲ್ಲಿ ಕ್ವೇವರ್ ನಾಮಪದವಾಗಿ ಅಚ್ಚಿನಲ್ಲಿ ಕಾಣಿಸುವುದು 1748ರ ಸುಮಾರಿಗೆ. ಎಂದರೆ ನಾಮಪದದ ಲೆಕ್ಕದಲ್ಲಿ ಕೀಬೋರ್ಡ್ ಹುಡುಗಿಯ ಅರ್ಥವೇ ಹಿರಿಯದು, ಸುಮಾರು ಎರಡು ಶತಮಾನದಷ್ಟು. ಇದನ್ನು ಹೇಳಿದಾಗ ಅವಳು ಹಿಂದಿನ ಬೆಂಚಿನ ಕಡೆ ತಿರುಗಿ ನೋಡಿದ ರೀತಿ ನೋಡುವ ಹಾಗಿತ್ತು.

ಅಷ್ಟಕ್ಕೆ ಅವಳು ತೃಪ್ತಳಾಗಲಿಲ್ಲ. ಲಯ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಬೀಟಿಗೆ ಇಟ್ಟು ಕ್ವೇವರ್ ನುಡಿಸಿದರೆ ಸೆಕೆಂಡಿಗೆ ಎರಡೇ ಸ್ವರ. ಫೋನಿನಲ್ಲಿ ನುಡಿಸಿ ತೋರಿಸಿದಳು. ಟಕ್, ಟಕ್, ಟಕ್, ಟಕ್. ಇದರಲ್ಲಿ ನಡುಕ ಎಲ್ಲಿದೆ ಸರ್?

ಇಲ್ಲ. ಯಾಕಿಲ್ಲ ಎನ್ನುವುದಕ್ಕೆ ಆ ಸಾಲಿನ ಉಳಿದ ಹೆಸರುಗಳನ್ನು ನೋಡಬೇಕು. ‘ಬ್ರೀವ್’ ಎಂದರೆ ಲ್ಯಾಟಿನಿನಲ್ಲಿ ಗಿಡ್ಡದ್ದು. ಇವತ್ತಿನ ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ಉದ್ದದ ಸ್ವರ. ‘ಮಿನಿಮ್’ ಎಂದರೆ ಅತಿ ಚಿಕ್ಕದು. ಇವತ್ತು ಎರಡು ಬೀಟು ನಿಲ್ಲುವ ದೊಡ್ಡ ಸ್ವರ. ಯುರೋಪಿನಲ್ಲಿ ಶತಮಾನದಿಂದ ಶತಮಾನಕ್ಕೆ ಸಂಗೀತಗಾರರು ಇನ್ನೂ ಚಿಕ್ಕ, ಇನ್ನೂ ಚಿಕ್ಕ ಸ್ವರಗಳನ್ನು ಬರೆಯುತ್ತಾ ಹೋದರು, ಹಳೆಯ ಸ್ವರಗಳು ನಿಧಾನಕ್ಕೆ ಹಿಗ್ಗುತ್ತಾ ಬಂದವು, ಹೆಸರು ಮಾತ್ರ ಹಾಗೇ ಉಳಿದವು. ಕ್ವೇವರ್‌ಗೂ ಆದದ್ದು ಅದೇ. ಒಂದು ಕಾಲಕ್ಕೆ ದನಿ ಅಲುಗಿಸುವಷ್ಟು ಚುರುಕಾಗಿದ್ದ ಸ್ವರ ಈಗ ಮಕ್ಕಳ ಮೊದಲ ಗ್ರೇಡಿನ ಸಾವಕಾಶದ ಸ್ವರ. ಅದರ ಅರ್ಧ ಸೆಮಿಕ್ವೇವರ್, ಅದರರ್ಧ ಡೆಮಿಸೆಮಿಕ್ವೇವರ್, ಇನ್ನೂ ಅರ್ಧಕ್ಕೆ ಹೆಮಿಡೆಮಿಸೆಮಿಕ್ವೇವರ್. ಬರೆಯುವಾಗ ಸ್ವರಚಿಹ್ನೆಯ ಕಡ್ಡಿಗೆ ಪ್ರತಿ ಸಲ ಒಂದು ಕೊಕ್ಕೆ ಹೆಚ್ಚು. (ಕೊಕ್ಕೆಯದೂ ಒಂದು ತಮಾಷೆ: ‘ಕ್ರಾಚೆಟ್’ ಎಂದರೆ ಫ್ರೆಂಚಿನಲ್ಲಿ ಪುಟ್ಟ ಕೊಕ್ಕೆ, ಆದರೆ ಈಗಿನ ಕ್ರಾಚೆಟ್‌ಗೆ ಕೊಕ್ಕೆಯೇ ಇಲ್ಲ. ಕೊಕ್ಕೆ ಇರುವುದು ಕ್ವೇವರ್‌ಗೆ, ಫ್ರೆಂಚರು ಅದನ್ನೇ ‘ಕ್ರಾಶ್’ ಎಂದು ಸರಿಯಾಗಿ ಕರೆಯುತ್ತಾರೆ.)

ನಿಜವಾದ ದನಿಯ ನಡುಕ ಎಷ್ಟು ವೇಗದ್ದು? ಮಾತಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ, ಗಂಡಸರದು 100ರಿಂದ 130 ಸಲ ಕಂಪಿಸುತ್ತವೆ. ಆ ಕಂಪನ ನಮಗೆ ನಡುಕವಾಗಿ ಕೇಳುವುದಿಲ್ಲ, ಶ್ರುತಿಯಾಗಿ ಕೇಳುತ್ತದೆ. ನಡುಕವೆಂದು ಕೇಳುವುದು ಅದರ ಮೇಲೆ ಏಳುವ ನಿಧಾನದ ಅಲೆ: ಗಂಟಲಿನ ಸ್ನಾಯುಗಳೋ ಉಸಿರಿನ ಒತ್ತಡವೋ ತನ್ನಷ್ಟಕ್ಕೆ ಏರಿಳಿದು, ಶ್ರುತಿ ಮತ್ತು ಗಟ್ಟಿತನ ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಆಗುವುದು. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಎಸೆನ್ಷಿಯಲ್ ಟ್ರೆಮರ್ ಎಂಬ ನರಸಂಬಂಧಿ ತೊಂದರೆಯಲ್ಲಿ ಈ ಅಲೆ ಬಿಡದೆ ಇರುತ್ತದೆ. ಹೆದರಿದಾಗ ಅಡ್ರಿನಲಿನ್ ಏರಿ, ಉಸಿರು ಮೇಲುಮೇಲಾಗಿ, ಸ್ನಾಯು ಬಿಗಿದು ಸ್ವಲ್ಪ ಹೊತ್ತು ಬರುತ್ತದೆ. ಪಾಶ್ಚಾತ್ಯ ಶೈಲಿಯಲ್ಲಿ ಪಳಗಿದ ಗಾಯಕರ ‘ವೈಬ್ರಾಟೊ’ ಸೆಕೆಂಡಿಗೆ ಐದರಿಂದ ಏಳು. ಅಂದರೆ ಕಟಕಟೆಯ ಮುದುಕಿಯ ನಡುಕಕ್ಕೂ ವೇದಿಕೆಯ ಗಾಯಕಿಯ ಅಲಂಕಾರಕ್ಕೂ ವೇಗದಲ್ಲಿ ಅಂಥ ವ್ಯತ್ಯಾಸವಿಲ್ಲ. ಅಲಂಕಾರ ಹೇಳಿದ ಮಾತು ಕೇಳುತ್ತದೆ, ನಡುಕ ಕೇಳುವುದಿಲ್ಲ. ಹುಡುಗಿಯ ಮೆಟ್ರೋನೋಮ್ ಭಾಷೆಯಲ್ಲಿ ಹೇಳುವುದಾದರೆ, 60ರ ಲಯದಲ್ಲಿ ಈ ನಡುಕ ಸೆಮಿಕ್ವೇವರ್‌ನ ನಾಲ್ಕಕ್ಕೂ ಡೆಮಿಸೆಮಿಕ್ವೇವರ್‌ನ ಎಂಟಕ್ಕೂ ನಡುವೆ ಬೀಳುತ್ತದೆ. ಕ್ವೇವರ್‌ಗೆ ತನ್ನ ಹೆಸರಿನ ಅರ್ಥ ಮತ್ತೆ ಬರಬೇಕಾದರೆ ಲಯವನ್ನು 180ಕ್ಕಾದರೂ ಏರಿಸಬೇಕು, ಆಗ ಸೆಕೆಂಡಿಗೆ ಆರು. ಏರಿಸಿ ನೋಡಿದಳು. ಈ ಸಲ ಯಾರೂ ನಗಲಿಲ್ಲ.

ನಡುಕದಿಂದ ಕಾಲಮಾನಕ್ಕೆ ಹೆಸರು ಬಂದದ್ದು ಇಂಗ್ಲಿಷರ ವಿಚಿತ್ರ ಬುದ್ಧಿ ಅನ್ನಿಸಿದರೆ, ವೀಣೆ ಕಲಿತ ಹುಡುಗಿಯೊಬ್ಬಳು ಎತ್ತಿದ ಮಾತು ಅದಕ್ಕೆ ಉತ್ತರ. ನಮ್ಮಲ್ಲಿ ‘ಕಂಪಿತ’ ಎಂಬ ಗಮಕವೇ ಇದೆಯಲ್ಲ ಎಂದಳು. ಸರಿಯಾದ ಕಡೆಗೇ ಕೈ ಇಟ್ಟಿದ್ದಳು. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಗಮಕದ ಲಕ್ಷಣ ಹೇಳುವುದೇ ‘ಸ್ವರಸ್ಯ ಕಂಪೋ ಗಮಕಃ’ ಎಂದು: ಸ್ವರ ಕಂಪಿಸಿದರೆ ಗಮಕ, ಅದು ಕೇಳುವವರ ಮನಸ್ಸಿಗೆ ಸುಖ. ಆಮೇಲೆ ಅವನು ಹದಿನೈದು ಗಮಕಗಳನ್ನು ಹೇಳುತ್ತಾ ಕೆಲವನ್ನು ವೇಗದ ಮೇಲೇ ಬೇರ್ಪಡಿಸುತ್ತಾನೆ. ದ್ರುತ, ಲಘು ಎಂದರೆ ತಾಳದ ಕಾಲಮಾನಗಳು, ದ್ರುತ ಚಿಕ್ಕದು, ಲಘು ದೊಡ್ಡದು. ದ್ರುತದ ನಾಲ್ಕನೇ ಒಂದು ಪಾಲಿನ ವೇಗದ್ದು ತಿರಿಪ, ಮೂರನೇ ಒಂದರದ್ದು ಸ್ಫುರಿತ, ಅರ್ಧದ್ದು ಕಂಪಿತ, ಪೂರ್ತಿ ದ್ರುತದ್ದು ಲೀನ, ಲಘುವಿನಷ್ಟು ನಿಧಾನದ್ದು ಆಂದೋಲಿತ. ಅಳತೆಗೆ ಸಿಗುವ ನಡುಕವನ್ನು ಅವನು ಅಳತೆಯಿಂದಲೇ ಗುರುತಿಸಿದ. ಇಂಗ್ಲಿಷರು ಅಳತೆಗೇ ನಡುಕದ ಹೆಸರಿಟ್ಟರು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರಿಗೆ ಎರಡೂ ಗೊತ್ತಿದ್ದವು. ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು, 1948ರಲ್ಲಿ ಅಲ್ಲಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದವರು.

ಹಾಗಾದರೆ ಕಸುಬಿನ ಪದ ದೌರ್ಬಲ್ಯದ ಪದವಾದದ್ದು ಯಾವಾಗ, ಯಾಕೆ? ನನ್ನ ಅಂದಾಜು ಹೀಗೆ. ಇಂಗ್ಲಿಷಿಗೆ ಅಷ್ಟು ಹೊತ್ತಿಗೆ ನಡುಕದ ಪದಗಳು ಹೆಚ್ಚೇ ಆಗಿದ್ದವು. ಲ್ಯಾಟಿನ್ ಮೂಲದ ‘ಟ್ರೆಂಬಲ್’ ಫ್ರೆಂಚಿನ ಮೂಲಕ 1300ರ ಸುಮಾರಿಗೇ ಬಂದು ಮೈಕೈ ನಡುಕವನ್ನು ತನ್ನದಾಗಿಸಿಕೊಂಡಿತ್ತು. ನೆಲದ ನಡುಕ ‘ಕ್ವೇಕ್’ನ ಪಾಲಿಗೆ ಹೋಯಿತು. ಹಾಡಿನ ಅಂಗಳದಲ್ಲಾದರೂ ನೆಮ್ಮದಿಯಿಂದಿತ್ತೋ ಎಂದರೆ ಅಲ್ಲಿಗೆ ಇಟಲಿಯ ಪದಗಳು ಬಂದವು: 17ನೇ ಶತಮಾನದಲ್ಲಿ ‘ಟ್ರಿಲ್’, ಆಮೇಲೆ ‘ಟ್ರೆಮೊಲೊ’, 19ನೇ ಶತಮಾನದಲ್ಲಿ ‘ವೈಬ್ರಾಟೊ’. ಬೇಕೆಂದು ಮಾಡುವ, ಮೆಚ್ಚುವಂಥ ಅಲುಗಾಟಕ್ಕೆ ಹೊರಗಿನ ಹೆಸರು ಸಿಕ್ಕಿತು. ಬೇಡವೆಂದರೂ ಬರುವ ಅಲುಗಾಟ ಹಳೆಯ ದೇಸಿ ಪದಕ್ಕೆ ಉಳಿಯಿತು. ಕಾದಂಬರಿಗಳಲ್ಲಿ ಇವತ್ತು ಕ್ವೇವರ್ ಆಗುವವರು ಬಹುತೇಕ ಮುದುಕರು, ಮಕ್ಕಳು, ತಪ್ಪು ಮಾಡಿ ಸಿಕ್ಕಿಬಿದ್ದವರು. ಸ್ವರದ ಹೆಸರಿನಲ್ಲಿ ಮಾತ್ರ ಪದದ ಹಳೆಯ ಮರ್ಯಾದೆ ಉಳಿದಿದೆ. ಬ್ರಿಟನ್ನಿನ ಅಂಗಡಿಯಲ್ಲಿ 1968ರಿಂದ ಮಾರಾಟವಾಗುತ್ತಿರುವ ಸುರುಳಿ ಸುರುಳಿಯಾದ ಆಲೂಗಡ್ಡೆ ಕುರುಕಲು ತಿಂಡಿ ‘ಕ್ವೇವರ್ಸ್’ ಹೆಸರು ಪಡೆದದ್ದೂ ಈ ಸ್ವರದಿಂದಲೇ, ನಡುಗುವ ದನಿಯಿಂದಲ್ಲ.

ಇಷ್ಟಾದ ಮೇಲೆ ಕಟಕಟೆಯ ಹೆಂಗಸಿಗೆ ಮರಳಿದೆವು. ‘ಗದ್ಗದ’ ಮೊದಲು ಬಿತ್ತು, ಅದೂ ಅರ್ಥದ ಕಾರಣಕ್ಕೇ. ಗದ್ಗದವಾದಾಗ ಗಂಟಲು ಕಟ್ಟುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಮಾತು ಮುರಿಯುತ್ತದೆ. ಕ್ವೇವರ್ ಆದಾಗ ದನಿ ನಿಲ್ಲುವುದೇ ಇಲ್ಲ, ಹರಿಯುತ್ತಲೇ ಅಲುಗುತ್ತದೆ. ಅವಳು ಪೂರ್ತಿ ಹೇಳಿಯೇ ಇಳಿದಳು ಎಂದು ಮೂಲದಲ್ಲೇ ಇರುವಾಗ ಗಂಟಲು ಕಟ್ಟಿಸುವ ಹಾಗಿಲ್ಲ. ಪತ್ರಿಕೆಗಳಲ್ಲಿ, ಧಾರಾವಾಹಿಗಳಲ್ಲಿ ಭಾವ ಉಕ್ಕಿದವರೆಲ್ಲ ‘ಗದ್ಗದಿತ’ರಾಗುವ ರೂಢಿ ಬಿದ್ದು ಆ ಪದದ ಮೊನೆ ಸವೆದಿದೆ, ಹುಡುಗರ ತಪ್ಪಲ್ಲ. ‘ಕುಗ್ಗಿತು’ ಎಂದರೆ ದನಿ ಸಣ್ಣದಾಯಿತು ಎಂದಷ್ಟೇ. ನಡುಗುವ ದನಿ ಸಣ್ಣದೇ ಆಗಿರಬೇಕೆಂದಿಲ್ಲ, ಸಿಟ್ಟಿನಲ್ಲಿ ಗಟ್ಟಿದನಿಯೂ ನಡುಗುತ್ತದೆ. ‘ಅರ್ಧರ್ಧ ಮಾತ್ರೆ’ಗೆ ಅಂಕ ಸಿಗಲಿಲ್ಲ, ಆದರೆ ಅದರ ಪಕ್ಕದಲ್ಲಿ ನಾನು ಬರೆದ ಟಿಪ್ಪಣಿ ಉತ್ತರಕ್ಕಿಂತ ಉದ್ದವಾಯಿತು.

ಉಳಿದದ್ದು ‘ದನಿ ನಡುಗಿತು’. ಅದರಲ್ಲೂ ಒಂದು ಕೊರತೆ ಇದೆ. ನಡುಗು ಎಂಬುದು ಒಂದೇ ಸಲದ್ದೂ ಆಗಬಹುದು, ‘ಅರ್’ ಬಾಲದ ಸಾಲುನಡುಕ ಅದರಲ್ಲಿ ತಾನಾಗಿ ಬರುವುದಿಲ್ಲ. ‘ಗಡಗಡ’ ಸೇರಿಸೋಣವೆಂದರೆ ಅದು ಮೈಗೆ ಹೊಂದುವ ಶಬ್ದ, ದನಿಗಲ್ಲ. ವೀಣೆಯ ಹುಡುಗಿ ‘ಕಂಪಿಸಿತು’ ಎಂದು ಹಠ ಹಿಡಿದಳು; ಕೇಳಲು ಚೆಂದ, ಆದರೆ ಪಹಣಿ ಹಿಡಿದು ಕೋರ್ಟಿಗೆ ಬಂದ ಹೆಂಗಸಿನ ದನಿ ಕಂಪಿಸುವುದಿಲ್ಲ, ಕಂಪಿಸುವುದು ಕವಿತೆಯ ನಾಯಕಿಯದು. ಕೊನೆಗೆ ಬೋರ್ಡಿನ ಮೇಲೆ ನಿಂತದ್ದು ಇದು: ‘ಉತ್ತರ ಹೇಳುವಾಗ ಅವಳ ದನಿ ಉದ್ದಕ್ಕೂ ನಡುಗುತ್ತಿತ್ತು, ಹೇಳುವುದನ್ನೆಲ್ಲ ಹೇಳಿಯೇ ಇಳಿದಳು.’ ‘ಉದ್ದಕ್ಕೂ’ ಮೂಲದಲ್ಲಿಲ್ಲ ಎಂದು ಒಬ್ಬ ತಕರಾರು ತೆಗೆದ. ಇದೆ, ಕ್ರಿಯಾಪದದ ಬಾಲದಲ್ಲಿ ಇದೆ ಎಂದೆ. ಅವನು ಒಪ್ಪದೆ ತನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬಿಟ್ಟೇ ಬರೆದುಕೊಂಡ.